ಕಪ್ಪು ಬಟ್ಟೆಯ ಕೆಳಗಿನ ಪೈನ್ ಹಲಗೆ

2025ರ ಜನವರಿಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಅಂತ್ಯಕ್ರಿಯೆಯ ವಿಡಿಯೋಗಳನ್ನು ನೀವೂ ನೋಡಿರಬಹುದು. ವಾಷಿಂಗ್ಟನ್ನಿನ ಸಂಸತ್ ಭವನವಾದ ಕ್ಯಾಪಿಟಲ್‌ನ ಗುಮ್ಮಟದ ಕೆಳಗೆ ಬಾವುಟ ಹೊದಿಸಿದ ಶವಪೆಟ್ಟಿಗೆ, ಸುತ್ತ ಅಲುಗಾಡದೆ ನಿಂತ ಯೋಧರು. ಎಲ್ಲರ ಕಣ್ಣೂ ಪೆಟ್ಟಿಗೆಯ ಮೇಲೆ. ಅದರ ಕೆಳಗೆ ಕಪ್ಪು ಬಟ್ಟೆ ಮುಚ್ಚಿದ ಒಂದು ಪೀಠ ಇತ್ತಲ್ಲ, ಅದನ್ನು ಯಾರೂ ಅಷ್ಟಾಗಿ ಗಮನಿಸಲ್ಲ.

ಆ ಬಟ್ಟೆ ಸರಿಸಿದರೆ ಒಳಗೆ ಇರೋದು ಮೊಳೆ ಹೊಡೆದು ಜೋಡಿಸಿದ ಒರಟು ಪೈನ್ ಹಲಗೆಗಳು. 1865ರ ಏಪ್ರಿಲ್‌ನಲ್ಲಿ ಅಬ್ರಹಾಂ ಲಿಂಕನ್ ಹತ್ಯೆಯಾದಾಗ ಅವರ ಶವಪೆಟ್ಟಿಗೆ ಇಡಲು ಅವಸರದಲ್ಲಿ ಮಾಡಿದ ಪೀಠ ಅದು. ಈಗಿನ ಪೆಟ್ಟಿಗೆಗಳು ದೊಡ್ಡವಾದ್ದರಿಂದ ಅಲ್ಪಸ್ವಲ್ಪ ಬದಲಾಯಿಸಿದ್ದಾರೆ, ಬಟ್ಟೆಯನ್ನೂ ಹೊಸದಾಗಿ ಹಾಕಿದ್ದಾರೆ. ಉಳಿದಂತೆ 160 ವರ್ಷದಿಂದ ಅದೇ ಪೀಠ. ಅಮೆರಿಕದವರು ತಮ್ಮ ನಾಯಕರನ್ನು ಹೇಗೆ ಕಳಿಸಿಕೊಡುತ್ತಾರೆ ಅನ್ನೋದರ ಮೂಲ ಡಿಸೈನ್ ಕೂಡ ಆ ವಾರಗಳಲ್ಲೇ ತಯಾರಾಯಿತು.

ಆಗ ಎದುರಿದ್ದ ಸಮಸ್ಯೆ ನೋಡಿ. ಟಿವಿ ಇಲ್ಲ, ರೇಡಿಯೋ ಇಲ್ಲ. ಅಧ್ಯಕ್ಷರ ಕೊನೆಯ ದರ್ಶನ ಬೇಕು ಅಂತ ಊರೂರಿನ ಜನ ಕೇಳ್ತಿದ್ದಾರೆ. ಸಮಾಧಿ ಆಗಬೇಕಾದ್ದು ದೂರದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಇದಕ್ಕೆ ಸಿಕ್ಕ ಉತ್ತರ ರೈಲು. ಏಪ್ರಿಲ್ 21ಕ್ಕೆ ವಾಷಿಂಗ್ಟನ್ ಬಿಟ್ಟ ರೈಲು ಏಳು ರಾಜ್ಯಗಳನ್ನು ಹಾದು, ಸುಮಾರು 2,600 ಕಿಲೋಮೀಟರ್ ಸುತ್ತಿ, ಮೇ 3ಕ್ಕೆ ಸ್ಪ್ರಿಂಗ್‌ಫೀಲ್ಡ್ ತಲುಪಿತು. ಅದರಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆಯೂ ಇತ್ತು: 1862ರಲ್ಲಿ ತೀರಿಕೊಂಡಿದ್ದ ಲಿಂಕನ್‌ರ ಮಗ, 11 ವರ್ಷದ ವಿಲ್ಲಿಯದು.

ಇಂಜಿನಿಯರಿಂಗ್ ಓದೋರಿಗೆ ಇಲ್ಲಿ ಕುತೂಹಲದ ವಿಷಯಗಳಿವೆ. ಅಮೆರಿಕದ ರೈಲುಗಳಿಗೆ ಏಕರೂಪದ ಸಮಯ ಬಂದದ್ದು 1883ರಲ್ಲಿ. ಅಂದರೆ ಆಗ ಊರೂರಿನ ಗಡಿಯಾರ ಬೇರೆ ಬೇರೆ. ಅಂಥದ್ದರಲ್ಲಿ ಹಲವು ಕಂಪನಿಗಳ ಹಳಿಗಳ ಮೇಲೆ ಒಂದೇ ರೈಲನ್ನು ವೇಳಾಪಟ್ಟಿಯಂತೆ ಓಡಿಸಬೇಕಿತ್ತು. ಹಳಿ ಸುರಕ್ಷಿತವಾಗಿದೆಯಾ ಅಂತ ನೋಡಲು ಮುಂದೆ ಒಂದು ಪೈಲಟ್ ಇಂಜಿನ್ ಹೋಗುತ್ತಿತ್ತು. ದೇಹ ಕೆಡದಂತೆ ರಾಸಾಯನಿಕ ತುಂಬುವ ವಿಧಾನ ಅಂತರ್ಯುದ್ಧದ ಕಾಲದಲ್ಲಷ್ಟೇ ಬಳಕೆಗೆ ಬಂದಿತ್ತು, ಸತ್ತ ಸೈನಿಕರನ್ನು ಊರಿಗೆ ಕಳಿಸಬೇಕಿತ್ತಲ್ಲ. ಆ ಕೆಲಸ ಬಲ್ಲವರನ್ನು ರೈಲಿನಲ್ಲೇ ಕರೆದೊಯ್ದರು. ಆದರೂ ನ್ಯೂಯಾರ್ಕ್ ಹೊತ್ತಿಗೆ ಲಿಂಕನ್‌ರ ಮುಖ ಬಣ್ಣಗೆಡತೊಡಗಿತ್ತು.

ತಾಂತ್ರಿಕ ಸಮಸ್ಯೆಗಳಿಗೆ ಹೇಗೋ ಪರಿಹಾರ ಸಿಕ್ಕಿತು. ದೊಡ್ಡ ತೊಡಕು ಬೇರೆಯೇ ಇತ್ತು. ನ್ಯೂಯಾರ್ಕ್‌ನ ಶವಯಾತ್ರೆಯಲ್ಲಿ ಕಪ್ಪು ಜನಾಂಗದವರು ನಡೆಯೋ ಹಾಗಿಲ್ಲ ಅಂತ ಅಲ್ಲಿನ ನಗರಸಭೆ ತೀರ್ಮಾನಿಸಿತು. ಗುಲಾಮರ ವಿಮೋಚನಾ ಘೋಷಣೆಗೆ ಸಹಿ ಹಾಕಿದವರ ಶವಯಾತ್ರೆ ಇದು! ವಾಷಿಂಗ್ಟನ್ನಿನ ಯುದ್ಧ ಇಲಾಖೆ ಟೆಲಿಗ್ರಾಂ ಕಳಿಸಿ, ಭೇದ ಮಾಡಬಾರದು ಅಂತ ಹೇಳಬೇಕಾಯಿತು. ಅಷ್ಟರಲ್ಲಿ ಬರಬೇಕೆಂದಿದ್ದ ಬಹಳಷ್ಟು ಜನ ಹಿಂದೆ ಸರಿದಿದ್ದರು. ಕೊನೆಗೆ ಕೆಲವು ನೂರು ಮಂದಿ, ಪೊಲೀಸ್ ಕಾವಲಿನಲ್ಲಿ, ಮೆರವಣಿಗೆಯ ಬಾಲದಲ್ಲಿ ನಡೆದರು. ಯಾರಿಗಾಗಿ ಅಳೋದು ಅನ್ನೋದರಲ್ಲಿ ಗೊಂದಲ ಇರಲಿಲ್ಲ. ಎಲ್ಲರ ಮುಂದೆ ಅಳುವ ಹಕ್ಕು ಯಾರಿಗಿದೆ ಅನ್ನೋದೇ ಜಗಳ.

1963ರಲ್ಲಿ ಜಾನ್ ಎಫ್. ಕೆನಡಿ ಹತ್ಯೆಯಾದಾಗ ಪತ್ನಿ ಜಾಕ್ವೆಲಿನ್, ಲಿಂಕನ್‌ರಿಗೆ ಮಾಡಿದ ಹಾಗೆಯೇ ಮಾಡಿ ಅಂದರು. ಶ್ವೇತಭವನದ ಕೋಣೆಗೆ ಕಪ್ಪು ಬಟ್ಟೆ ಇಳಿಬಿಟ್ಟರು, ಅದೇ ಪೈನ್ ಪೀಠ ಹೊರಗೆ ಬಂತು. ರಾತ್ರಿಯಿಡೀ ಚಳಿಯಲ್ಲಿ ಸಾಲು ನಿಂತು ಸುಮಾರು ಎರಡೂವರೆ ಲಕ್ಷ ಜನ ದರ್ಶನ ಪಡೆದರು.

ಐದು ವರ್ಷದ ನಂತರ, 1968ರ ಜೂನ್‌ನಲ್ಲಿ, ಅವರ ತಮ್ಮ ರಾಬರ್ಟ್ ಕೆನಡಿಯ ದೇಹ ನ್ಯೂಯಾರ್ಕ್‌ನಿಂದ ವಾಷಿಂಗ್ಟನ್ನಿಗೆ ರೈಲಿನಲ್ಲಿ ಹೋಯಿತು. ಈ ಸಲ ಮೆರವಣಿಗೆಯ ಕ್ರಮ ಬರೆಯಲು ಯಾವ ನಗರಸಭೆಯೂ ಇರಲಿಲ್ಲ. ಕಪ್ಪು, ಬಿಳಿ ಎಂಬ ಭೇದವಿಲ್ಲದೆ ಲಕ್ಷಾಂತರ ಜನ ಹಳಿ ಪಕ್ಕ ತಾವಾಗಿಯೇ ಬಂದು ನಿಂತರು. ನಾಲ್ಕು ಗಂಟೆಯ ಪ್ರಯಾಣಕ್ಕೆ ಎಂಟು ಗಂಟೆ ಹಿಡಿಯಿತು. ನ್ಯೂಜೆರ್ಸಿಯ ಎಲಿಜಬೆತ್‌ನಲ್ಲಿ ಗುಂಪು ಪಕ್ಕದ ಹಳಿಗೂ ಇಳಿದಿತ್ತು. ಎದುರಿನಿಂದ ಬಂದ ಇನ್ನೊಂದು ರೈಲಿಗೆ ಸಿಕ್ಕಿ ಇಬ್ಬರು ಸತ್ತರು. 1865ರ ಯೋಜನೆಯಲ್ಲಿ ಮುಂದೆ ಓಡಲು ಪೈಲಟ್ ಇಂಜಿನ್ ಇತ್ತು. ಇಲ್ಲಿ ಪಕ್ಕದ ಹಳಿ ಲೆಕ್ಕ ತಪ್ಪಿತ್ತು. ಯಾವ ಸಿಸ್ಟಂ ಮಾಡುವಾಗಲೂ ಜನ ನಾವು ಗೆರೆ ಎಳೆದಲ್ಲೇ ನಿಲ್ಲುತ್ತಾರೆ ಅಂದುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಕಹಿ ಉದಾಹರಣೆ ಬೇಡ.

ಇವತ್ತು ಎಲ್ಲಕ್ಕೂ ನಿಯಮವಿದೆ. ಅಧ್ಯಕ್ಷರಾದವರು ಸತ್ತರೆ 30 ದಿನ ಬಾವುಟ ಅರ್ಧಕ್ಕೆ ಇಳಿಯುತ್ತೆ. ಅಧ್ಯಕ್ಷರಾಗಿದ್ದವರು ಬದುಕಿರುವಾಗಲೇ ತಮ್ಮ ಅಂತ್ಯಕ್ರಿಯೆಯ ಪ್ಲಾನ್ ಮಾಡಿಡುತ್ತಾರೆ. ಹುದ್ದೆ ಇಲ್ಲದವರಿಗೂ ಗುಮ್ಮಟದ ಕೆಳಗೆ ಜಾಗ ಸಿಕ್ಕಿದೆ: 1955ರಲ್ಲಿ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ 2005ರಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ.

2020ರ ಜುಲೈನಲ್ಲಿ ಸಂಸದ ಜಾನ್ ಲೂಯಿಸ್ ತೀರಿಕೊಂಡರು. 1965ರಲ್ಲಿ, ಮತದಾನದ ಹಕ್ಕಿಗಾಗಿ ಅಲಬಾಮಾದ ಸೆಲ್ಮಾದಲ್ಲಿ ಎಡ್ಮಂಡ್ ಪೆಟಸ್ ಸೇತುವೆ ದಾಟಲು ಹೋದಾಗ, ರಾಜ್ಯದ ಪೊಲೀಸರ ಏಟಿಗೆ ಅವರ ತಲೆಬುರುಡೆ ಬಿರುಕುಬಿಟ್ಟಿತ್ತು. ಆಗ ಅವರಿಗೆ 25 ವರ್ಷ, ಹೆಚ್ಚುಕಮ್ಮಿ ನಮ್ಮ ಸೀನಿಯರ್‌ಗಳ ವಯಸ್ಸು. 55 ವರ್ಷದ ನಂತರ ಕುದುರೆ ಗಾಡಿಯಲ್ಲಿ ಅವರ ಪೆಟ್ಟಿಗೆ ಅದೇ ಸೇತುವೆ ದಾಟಿತು. ದಾರಿಯಲ್ಲಿ ಗುಲಾಬಿ ಎಸಳು ಚೆಲ್ಲಿದ್ದರು. ಆಚೆ ಬದಿಯಲ್ಲಿ ಅದೇ ಅಲಬಾಮಾ ರಾಜ್ಯದ ಪೊಲೀಸರು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು.

ಮರುದಿನ ಆ ಪೆಟ್ಟಿಗೆಯನ್ನು ಕ್ಯಾಪಿಟಲ್‌ಗೆ ತಂದು ಲಿಂಕನ್‌ರ ಪೈನ್ ಪೀಠದ ಮೇಲಿಟ್ಟರು. ಗುಮ್ಮಟದ ಕೆಳಗೆ ಆ ಮರ್ಯಾದೆ ಪಡೆದ ಮೊದಲ ಕಪ್ಪು ಸಂಸದ ಅವರು. ಆ ಹಲಗೆಗಳು ಮೊದಲ ಸಲ ಬಳಕೆಯಾದ ತಿಂಗಳಲ್ಲೇ ನ್ಯೂಯಾರ್ಕ್‌ನಲ್ಲಿ ಅವರ ಜನರನ್ನು ಮೆರವಣಿಗೆಯ ಕೊನೆಗೆ ತಳ್ಳಿದ್ದರು. ಅಲ್ಲಿಂದ ಪೀಠದ ತನಕ ಬರಲು 155 ವರ್ಷ ಬೇಕಾಯಿತು.