ಯೌವನಸ್ಥರ ಶಿಬಿರ ಕಾಯ್ದ ಒಂದು ಬರಗಾಲದ ವರ್ಷ

ಮಿಶನರಿ ಎಂದರೆ ನಮ್ಮ ಗದಗ ಸೀಮೆಯವರಿಗೆ ಹಳೇ ಜರ್ಮನ್ ಪಾದ್ರಿಗಳ ನೆನಪಾಗುತ್ತದೆ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮುಟ್ಟಿದರು. ಶಬ್ದಕೋಶ ಮಾಡಿದ ಕಿಟೆಲ್ ಸಾಹೇಬರೂ ಅವರ ಪೈಕಿಯೇ. ಹೀಗಿರುವಾಗ ಏಳನೇತ್ತೆವರೆಗೆ ಓದಿದ ನಾನು, ಅಷ್ಟೂ ಓದದ ನನ್ನ ಹೆಂಡತಿ ಒಂದು ವರ್ಷ ಮಿಶನರಿ ಕೆಲಸಕ್ಕೆ ಹೊರಟೆವು ಅಂದಾಗ ಊರಲ್ಲಿ ನಕ್ಕವರೇ ಬಹಳ. ನಾವು ಯಾರಿಗೂ ಉಪದೇಶ ಮಾಡಲಿಲ್ಲ. ಹೆಂಚು ಹೊಚ್ಚಿದೆವು, ನಲ್ಲಿ ರಿಪೇರಿ ಮಾಡಿದೆವು, ತೊಟ್ಟಿ ತೊಳೆದೆವು, ಗಿಡ ಹಚ್ಚಿದೆವು. ಒಕ್ಕಲುತನದವನಿಗೆ ಬರುವ ಕೆಲಸವೇ ಇವೆಲ್ಲ.

ಈ ವಿಚಾರ ನಮ್ಮ ತಲೆಗೆ ಬಂದದ್ದು ಬೆಂಗಳೂರಿನಲ್ಲಿರುವ ಒಬ್ಬ ಸಂಬಂಧಿಕ ಹುಡುಗನಿಂದ. ಅಮೆರಿಕದ ಯೂಟಾ ರಾಜ್ಯದಲ್ಲಿ, ಜನ ಮಾರ್ಮನ್ನರು ಎಂದು ಕರೆಯುವ ಸಭೆಯವರಿಗೆ ಹೀಬರ್ ಕಣಿವೆ ಎಂಬಲ್ಲಿ ಸಾವಿರಾರು ಎಕರೆಯ ಶಿಬಿರದ ಜಾಗ ಇದೆ. ಬೇಸಿಗೆಗೆ ಅಲ್ಲಿಗೆ ಹೆಣ್ಣುಮಕ್ಕಳು ಶಿಬಿರಕ್ಕೆ ಬರುತ್ತಾರೆ. ಆ ಜಾಗ ನೋಡಿಕೊಳ್ಳಲು ಮಕ್ಕಳು ಬೆಳೆದು ದೊಡ್ಡವರಾದ, ಕೆಲಸದಿಂದ ನಿವೃತ್ತರಾದ ಗಂಡ-ಹೆಂಡಿರು ಬರುತ್ತಾರೆ. ಅವರನ್ನು ಹಿರಿಯ ಮಿಶನರಿಗಳು ಅನ್ನುತ್ತಾರಂತೆ. ಪಗಾರ ಇಲ್ಲ, ಖರ್ಚೂ ತಮ್ಮದೇ. ಯೂಟಾ ಕೂಡ ಮಳೆ ಕಡಿಮೆಯ ನಾಡು ಎಂದು ಕೇಳಿದಾಗ ನನಗೆ ಕಿವಿ ನೆಟ್ಟಗಾಯಿತು. ಅವರ ಧರ್ಮಬೋಧೆ ಬೇರೆ, ನಮ್ಮದು ಬೇರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪದ್ಧತಿ ಮಾತ್ರ ಒಳ್ಳೆಯದು ಅನ್ನಿಸಿತು.

ನಮ್ಮ ಸಭೆಗಳದ್ದೂ ಒಂದು ಯೌವನಸ್ಥರ ಶಿಬಿರದ ಜಾಗ ಕಪ್ಪತಗುಡ್ಡ ಕಾಣುವಷ್ಟು ದೂರದಲ್ಲಿದೆ. ಆರು ಎಕರೆ. ಮೇಲಿನ ಎರಡು ಮಸಾರಿ, ಕೆಳಗಿನ ನಾಲ್ಕು ಎರೆ. ಒಂದು ಹೆಂಚಿನ ಹಾಲು, ಅಡಿಗೆಮನೆ, ಈಚೆಗೆ ಕಟ್ಟಿದ ಎರಡು ಮಲಗುವ ಕೋಣೆ. ಹಿರಿಯರು ಜಾಣರು, ಹಾಲನ್ನು ಮಸಾರಿ ನೆಲದಲ್ಲಿ ಕಟ್ಟಿಸಿದ್ದಾರೆ, ಇವತ್ತಿಗೂ ಗೋಡೆಯಲ್ಲಿ ಒಂದು ಬಿರುಕಿಲ್ಲ. ಆಮೇಲಿನವರು ಕೋಣೆಗಳನ್ನು ಎರೆಯಲ್ಲಿ ಇಟ್ಟರು. ಎರೆ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಗೋಡೆಯಲ್ಲಿ ಕೈ ಹೋಗುವಷ್ಟು ಸೀಳು.

2020, 2021ರಲ್ಲಿ ಕೊರೋನಾದಿಂದ ಶಿಬಿರ ನಡೆಯಲಿಲ್ಲ. ಬಳಸದ ಮನೆ ಬೇಗ ಹಾಳಾಗುತ್ತದೆ. ಒರಲಿ ಹತ್ತಿತು, ಮಂಗ್ಯಾಗಳು ಹೆಂಚು ಕಿತ್ತವು, ಬೋರಿನ ನೀರು ಇಪ್ಪತ್ತು ನಿಮಿಷಕ್ಕೆ ಇಳಿಯಿತು. 2023ರ ಶಿಬಿರವನ್ನು ಪೇಟೆಯ ಸಾಲಿಯೊಂದರಲ್ಲಿ ಮಾಡಿ ಮುಗಿಸಿದರು. ಸಮಿತಿಯಲ್ಲಿ, ನೀರಿಲ್ಲದ ಜಾಗ ಇಟ್ಟುಕೊಂಡು ಏನು ಮಾಡುವುದು, ಪ್ಲಾಟ್ ಮಾಡುವವರಿಗೆ ಕೊಟ್ಟುಬಿಡೋಣ ಎಂಬ ಮಾತೂ ಬಂತು. ಅಲ್ಲಿ ಪ್ರತಿ ಗೋಡೆಯ ಮೇಲೂ ದಾನಿಗಳ ಹೆಸರಿನ ಕಲ್ಲು ಇದೆ. ನಲ್ಲಿಯ ವಾಶರಿನ ಮೇಲೆ ಯಾರ ಹೆಸರನ್ನೂ ಕೆತ್ತಲು ಬರುವುದಿಲ್ಲ, ಹಾಗಾಗಿ ವಾಶರು ಹಾಕಿಸುವವರಿಲ್ಲ. ನಾವಿಬ್ಬರೂ ಒಂದು ವರ್ಷ ಅಲ್ಲೇ ಇದ್ದು ನೋಡುತ್ತೇವೆ, ಮುಂದಿನ ಮೇ ಶಿಬಿರ ಅಲ್ಲಿ ಆಗದಿದ್ದರೆ ಆಮೇಲೆ ನಿಮ್ಮ ಇಷ್ಟ ಎಂದೆ. ಹೊಲ ತಮ್ಮನಿಗೆ ಪಾಲಿಗೆ ಕೊಟ್ಟು 2023ರ ಜೂನ್ ಮೊದಲ ವಾರ ಗಂಟುಮೂಟೆ ಕಟ್ಟಿದೆವು.

ತೊಟ್ಟಿ ಮತ್ತು ದೋಣಿ

ಹಾಲಿನ ಹಿಂದೆ ಕಲ್ಲಿನ ನೆಲತೊಟ್ಟಿ ಇತ್ತು. 20 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಆಳ. ತುಂಬಿದರೆ 45 ಸಾವಿರ ಲೀಟರ್ ಹಿಡಿಯುತ್ತದೆ. ಬೋರು ಬಂದಮೇಲೆ ಅದರಲ್ಲಿ ಮುರಿದ ಬಾಕು, ಹರಿದ ಜಮಖಾನೆ ಹಾಕಿಟ್ಟಿದ್ದರು. ಎಲ್ಲಾ ತೆಗೆದು, ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಒಳಗೆ ಸುಣ್ಣ ಹೊಡೆದೆವು.

ಲೆಕ್ಕ ಸರಳ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹಾಲು 60 ಅಡಿ, 30 ಅಡಿ. ಅಂದರೆ ಸುಮಾರು 167 ಚದರ ಮೀಟರ್. ಹೆಂಚು ಸ್ವಲ್ಪ ಕುಡಿಯುತ್ತದೆ, ಸ್ವಲ್ಪ ಸಿಡಿದು ಹೋಗುತ್ತದೆ. ಹತ್ತರಲ್ಲಿ ಎಂಟು ಪಾಲು ಕೈಗೆ ಬಂತು ಎಂದು ಹಿಡಿದರೂ ಹತ್ತು ಮಿಲಿಮೀಟರಿನ ಒಂದು ಮಳೆಗೆ 1,300 ಲೀಟರ್. ನಮ್ಮ ಕಡೆ ವರ್ಷಕ್ಕೆ ಹತ್ತಿರ ಹತ್ತಿರ 600 ಮಿಲಿಮೀಟರ್ ಮಳೆ. ಇಷ್ಟು ವರ್ಷ ಆ ನೀರು ಹಾಲಿನ ಬುಡ ಕೊರೆದು ಹಳ್ಳ ಸೇರುತ್ತಿತ್ತು.

ತಗಡಿನ ದೋಣಿ ತುಟ್ಟಿ. ಆರು ಇಂಚಿನ ಪಿವಿಸಿ ಪೈಪು, 20 ಅಡಿಯವು ಮೂರು ತಂದು ಉದ್ದಕ್ಕೆ ಸೀಳಿದರೆ ಆರು ತುಂಡಾಗುತ್ತದೆ, ಎರಡೂ ಕಡೆಯ ಸೂರಿಗೆ ಸಾಕು. ಕಬ್ಬಿಣದ ಪಟ್ಟಿ ಬಗ್ಗಿಸಿ ಕೊಕ್ಕೆ ಮಾಡಿ, 60 ಅಡಿಗೆ ನಾಲ್ಕು ಇಂಚು ಇಳಿಜಾರು ಕೊಟ್ಟು ಕೂರಿಸಿದೆ. ತೊಟ್ಟಿಯ ಬಾಯಿಗೆ ಒಂದು ಡ್ರಮ್ಮು, ಅದರಲ್ಲಿ ಕೆಳಗೆ ಹರಳುಕಲ್ಲು, ನಡುವೆ ಇದ್ದಲಿ, ಮೇಲೆ ತೊಳೆದ ಉಸುಕು, ಅದರ ಮೇಲೆ ನೈಲಾನ್ ಜಾಳಿಗೆ. ಮೊದಲ ಎರಡು ಮಳೆಯ ನೀರನ್ನು ತೊಟ್ಟಿಗೆ ಬಿಡಬಾರದು. ಮಾಡಿನ ಧೂಳು, ಹಕ್ಕಿಯ ಹಿಕ್ಕೆ ಎಲ್ಲಾ ಅದರಲ್ಲೇ ಬರುತ್ತದೆ. ಪೈಪಿನ ಬಾಯನ್ನು ಹೊರಗೆ ತಿರುಗಿಸಲು ಬರುವಂತೆ ಇಟ್ಟುಕೊಳ್ಳಬೇಕು. ಒಟ್ಟು ಖರ್ಚು ಹನ್ನೊಂದು ಸಾವಿರದೊಳಗೆ. ಕೂಲಿ ನಮ್ಮದೇ.

ಆ ಜೂನ್ ಪೂರಾ ಒಣಗಿತ್ತು, ಅದೇ ನಮಗೆ ಕೆಲಸಕ್ಕೆ ಸಿಕ್ಕ ಹೊತ್ತು. ಜುಲೈಯಲ್ಲಿ ಮಳೆ ಬಂತು, ತೊಟ್ಟಿಗೆ ಮೂರೂವರೆ ಅಡಿ ನೀರು ನಿಂತಿತು. ಆಗಸ್ಟ್‌ನಲ್ಲಿ ಆಕಾಶ ಮುಚ್ಚಿಹೋಯಿತು. ಸೆಪ್ಟೆಂಬರಿನ ತುಂತುರಿಗೆ ಇನ್ನರ್ಧ ಅಡಿ. ಹಿಂಗಾರಿ ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲ್ಲೂಕಿನಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರವೇ ಸಾರಿತು. ಓದುಗರಿಗೆ ನೆನಪಿರಬೇಕು.

ತೊಟ್ಟಿಯಲ್ಲಿ ನಾಲ್ಕು ಅಡಿ, ಅಂದರೆ 22 ಸಾವಿರ ಲೀಟರ್. ಒಂದು ಬಿದಿರು ಗಳಕ್ಕೆ ಇಂಚು ಇಂಚಿಗೆ ಗೀರು ಹಾಕಿಕೊಂಡೆ. ಒಂದು ಇಂಚು ಇಳಿದರೆ 470 ಲೀಟರ್ ಹೋಯಿತೆಂದು ಅರ್ಥ. ಪ್ರತಿ ಭಾನುವಾರ ಅಳೆದು ವಹಿಯಲ್ಲಿ ಬರೆಯುತ್ತಿದ್ದೆ. ನಮ್ಮಿಬ್ಬರ ಕುಡಿಯುವುದಕ್ಕೆ, ಅಡಿಗೆಗೆ ದಿನಕ್ಕೆ 20 ಲೀಟರ್. ಮೈತೊಳೆಯಲು, ಬಟ್ಟೆಗೆ ಬೋರಿನ ನೀರು. ಬಚ್ಚಲ ನೀರಿಗೆ ಹಿಂದೆ ಯಾರೋ ಎರೆಯಲ್ಲಿ ಇಂಗುಗುಂಡಿ ತೋಡಿದ್ದರು, ಅದು ಇಂಗದೆ ನಾರುತ್ತಿತ್ತು. ಎರೆಯಲ್ಲಿ ಇಂಗುಗುಂಡಿ ನಂಬಬೇಡಿ. ಅದನ್ನು ಮುಚ್ಚಿ ಬಚ್ಚಲ ನೀರನ್ನು ಕಾಲುವೆ ಮಾಡಿ ಪಪ್ಪಾಯಿ, ಕರಿಬೇವಿಗೆ ಹೊರಳಿಸಿದೆವು.

ಕೀಲಿಯ ಪ್ರಶ್ನೆ

ಏಪ್ರಿಲ್ ಹೊತ್ತಿಗೆ ಪಕ್ಕದ ಓಣಿಯ ಹನ್ನೊಂದು ಮನೆಗಳಿಗೆ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ಅದೂ ಸವಳು. ನಮ್ಮಲ್ಲಿ ಮಳೆ ನೀರು ಇದೆ ಎಂಬುದು ಎಲ್ಲರಿಗೂ ಗೊತ್ತು. ಒಬ್ಬ ಕುರಿಗಾರ ಹಿರಿಯ ಬಂದು ಗೇಟಿನ ಹೊರಗೇ ಕೂತ. "ಅಣ್ಣಾರ, ಕುರಿಗೆ ನಾ ಕೇಳೂದಿಲ್ಲ. ಮಂದಿಗಷ್ಟ ಕುಡ್ಯಾಕ ಕೊಡ್ರಿ" ಎಂದ. ಸಮಿತಿಯ ನೀರು ಅದು, ಶಿಬಿರದ ಮಕ್ಕಳಿಗೆಂದು ಕೂಡಿಟ್ಟದ್ದು. ತೊಟ್ಟಿಯ ಮುಚ್ಚಳಕ್ಕೆ ಕೀಲಿ ಹಾಕಿ, ಕೀಲಿಕೈ ನನ್ನ ಉಡದಾರಕ್ಕೆ ಕಟ್ಟಿಕೊಂಡಿದ್ದೆ.

ರಾತ್ರಿ ನಮ್ಮಾಕಿ ಹೇಳಿದಳು: "ಕುಡಿಯೋ ನೀರಿಗೆ ಕೀಲಿ ಜಡದು, ಮುಂದಿನ ತಿಂಗಳು ಹುಡುಗರ ಮುಂದ ಯಾವ ಮಾರಿ ಹೊತ್ತು ಪ್ರಾರ್ಥನಾ ಮಾಡೂದರಿ?"

ವಹಿ ತೆಗೆದು ಲೆಕ್ಕ ಹಾಕಿದೆ. ಶಿಬಿರಕ್ಕೆ 118 ಜನ, ಐದು ದಿನ. ಕುಡಿಯಲು, ಅಡಿಗೆಗೆ ತಲೆಗೆ 8 ಲೀಟರ್ ಹಿಡಿದರೆ 4,700 ಲೀಟರ್. ತೊಟ್ಟಿಯಲ್ಲಿ ಇನ್ನೂ 17 ಸಾವಿರಕ್ಕೆ ಮೇಲಿತ್ತು. ಮನೆಗೆ ದಿನಕ್ಕೆ ಎರಡು ಕೊಡ ಎಂದರೆ ಹನ್ನೊಂದು ಮನೆಗೆ 330 ಲೀಟರ್. 25 ದಿನ ಕೊಟ್ಟರೆ 8,250. ಅಷ್ಟು ಕೊಟ್ಟರೂ ಶಿಬಿರಕ್ಕೆ ಕೊರತೆ ಇಲ್ಲ. ಮರುದಿನ ಬೆಳಿಗ್ಗೆಯಿಂದ ಶುರು ಮಾಡಿದೆವು. ಸಮಿತಿಯವರಿಗೆ ಫೋನ್ ಮಾಡಿ ತಿಳಿಸಿದೆ. ಅಪ್ಪಣೆ ಕೇಳಲಿಲ್ಲ. ಒಬ್ಬರು ಬಹಳ ಸಿಟ್ಟಾದರು, ಶಿಬಿರ ಕೆಟ್ಟರೆ ನೀವೇ ಹೊಣೆ ಎಂದರು. ಹೊಣೆ ನಮ್ಮದೇ ಇತ್ತು, ಅದಕ್ಕೇ ಗಳ ಅಳೆಯುತ್ತಿದ್ದೆ. ನೀರು ಹಂಚಲು ನಮ್ಮಾಕಿಯೇ ನಿಂತಳು. ಎರಡು ಕೊಡದ ಮೇಲೆ ಒಂದು ತಂಬಿಗೆಯನ್ನೂ ಯಾರಿಗೂ ಹೆಚ್ಚು ಕೊಡಲಿಲ್ಲ. ಜಗಳಗಳಾದವು, ಅದನ್ನೆಲ್ಲ ಬರೆಯುವುದು ಬೇಡ.

ಆ ಕುರಿಗಾರ ಸುಮ್ಮನೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೆಳಗಿನ ಎರೆಯಲ್ಲಿ ಎರಡು ರಾತ್ರಿ ಕುರಿ ತರುಬಿದ. ಇನ್ನೂರು ಕುರಿಯ ಗೊಬ್ಬರಕ್ಕೆ ಇವತ್ತಿನ ದಿನದಲ್ಲಿ ಏನು ಬೆಲೆ ಎಂಬುದು ಓದುಗರಿಗೆ ಗೊತ್ತು. ನಮ್ಮ ಬೇಲಿ ಕಡಿಯುತ್ತಿದ್ದ ಹುಡುಗರೂ ಆಮೇಲೆ ಕಡಿಯಲಿಲ್ಲ.

ಮೇ 7ರಂದು ಲೋಕಸಭೆಯ ಮತದಾನ. ಅದು ಮುಗಿದ ಮೇಲೆ 13ರಿಂದ 17ರವರೆಗೆ ಶಿಬಿರ ಇಟ್ಟರು. ವಾರದ ಮುಂಚೆ ಪ್ರತಿ ಕೋಣೆಯ ಮೂಲೆ, ಬಾಗಿಲ ಸಂದು, ಕಟ್ಟಿಗೆ ರಾಶಿ ನೋಡಿದೆವು. ಏಳು ಚೇಳು ಸಿಕ್ಕವು. ಸೀಳು ಬಿಟ್ಟ ಕೋಣೆಯಲ್ಲಿ ಯಾರನ್ನೂ ಮಲಗಿಸಲಿಲ್ಲ, ಗಂಡುಹುಡುಗರು ಹಾಲಿನಲ್ಲೇ ಮಲಗಿದರು. ತೊಟ್ಟಿಯ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದೆ: ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಬಕೆಟಿನಲ್ಲಿ ಕದಡಿ, ಗಸಿ ಬಿಟ್ಟು ತಿಳಿಯಷ್ಟೇ ಸುರಿಯಬೇಕು, ಒಂದು ತಾಸು ಬಿಡಬೇಕು. ಪುಡಿ ಹೊಸದಿರಬೇಕು, ತೆರೆದಿಟ್ಟದ್ದು ಕೆಲಸಕ್ಕೆ ಬಾರದು. ಸಂಡಾಸು, ಬಚ್ಚಲಿಗೆ ಬೋರಿನ ಇಪ್ಪತ್ತು ನಿಮಿಷ ಮತ್ತು ಎರಡು ಟ್ಯಾಂಕರ್.

ಪೇಟೆಯ ಹುಡುಗರು ಮೊದಲ ದಿನ ಬಾಟಲಿ ನೀರು ಕೇಳಿದರು. ಎರಡನೇ ದಿನ ಒಬ್ಬ ಹುಡುಗಿ ಗಳ ನೋಡಿ ಇದೇನು ಅಜ್ಜಾರ ಎಂದಳು. ಹೇಳಿಕೊಟ್ಟೆ. ಅಂದಿನಿಂದ ಸಂಜೆ ಅಳೆದು ಹಲಗೆಯ ಮೇಲೆ ಬರೆಯುವ ಕೆಲಸ ಅವರೇ ವಹಿಸಿಕೊಂಡರು. ಊಟದ ತಾಟು ತೊಳೆಯುವ ನೀರು ತಾವೇ ಕಡಿಮೆ ಮಾಡಿದರು, ನಾವು ಹೇಳಿದ್ದಲ್ಲ. ಕೊನೆಯ ದಿನ ತೊಟ್ಟಿಯಲ್ಲಿ ಹತ್ತು ಇಂಚು ಉಳಿದಿತ್ತು.

ಗಿಡದ ಲೆಕ್ಕ ಅಷ್ಟು ಚೆನ್ನಾಗಿಲ್ಲ. ಜುಲೈಯಲ್ಲಿ ಅರವತ್ತು ಹಚ್ಚಿದ್ದೆವು, ಬದುಕಿದ್ದು 23: ಬೇವು 14, ಹೊಂಗೆ 6, ಬನ್ನಿ 3. ಹುಣಸೆ ಒಂದೂ ಉಳಿಯಲಿಲ್ಲ. ತೊಟ್ಟಿಯ ನೀರು ಗಿಡಕ್ಕೆ ಒಂದು ತಂಬಿಗೆಯೂ ಹಾಕಲಿಲ್ಲ.

ಪ್ಲಾಟಿನ ಮಾತು ಸದ್ಯಕ್ಕೆ ನಿಂತಿದೆ. 2024ರ ಜೂನ್‌ನಲ್ಲಿ ಹೆಸರು ಬಿತ್ತಲು ನಾವು ಊರಿಗೆ ಬಂದೆವು. ನಮ್ಮ ಜಾಗಕ್ಕೆ ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ ಒಬ್ಬರು ಹೆಂಡತಿ ಸಮೇತ ಬಂದರು. ಕೀಲಿಗೊಂಚಲು, ವಹಿ, ಗಳ ಅವರ ಕೈಗೆ ಕೊಟ್ಟೆವು. ಎರೆಯ ಮೇಲಿನ ಕೋಣೆಗಳ ಸೀಳು ಹಾಗೇ ಇದೆ. ಅದಕ್ಕೆ ಬುನಾದಿಯ ಸುತ್ತ ನೀರು ನಿಲ್ಲದಂತೆ ಕಲ್ಲು ಹಾಸಬೇಕು ಎಂದು ವಹಿಯ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.