ಸಿಂಗಪುರಕ್ಕೆ ಹೊರಟವರ ಮನೆಯವರಿಗೆ

ಗುಳೆ ಎಂಬ ಮಾತು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ಸುಗ್ಗಿ ಮುಗಿಯಿತೆಂದರೆ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿಕೊಂಡು, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಕಟ್ಟಡದ ಕೆಲಸಕ್ಕೆ ಹೋಗುವವರನ್ನು ನೋಡುತ್ತಲೇ ನಾವು ಬೆಳೆದೆವು. ಈಗ ಆ ದಾರಿ ಇನ್ನಷ್ಟು ಉದ್ದವಾಗಿದೆ. ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದಿದ ಹುಡುಗ ನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು, ಐದನೆಯ ವರ್ಷ ‘ಸಿಂಗಪುರ’ ಎನ್ನುತ್ತಾನೆ. ವೆಲ್ಡಿಂಗ್ ಕಲಿತ ಹುಡುಗನೂ ಅದೇ ಹೆಸರು ಹೇಳುತ್ತಾನೆ. ಕನ್ಯೆ ನೋಡಲು ಬಂದವರು ‘ಹುಡುಗ ಸಿಂಗಪುರದಾಗ ಅದಾನ’ ಎಂದೊಡನೆ ಮನೆಯಲ್ಲಿ ಚಹಾದ ಕಪ್ಪು ಬಸಿ ಬದಲಾಗುತ್ತವೆ!

ನನ್ನ ತಂಗಿಯ ಮಗಳು ಮದುವೆಯಾಗಿ ಅಲ್ಲಿಗೆ ಹೋದ ಮೇಲೆ ನಮ್ಮ ಓಣಿಯ ಅಕ್ಕ-ತಂಗಿಯರು ನನ್ನನ್ನು ಕೇಳದ ಪ್ರಶ್ನೆಯಿಲ್ಲ. ‘ಅಲ್ಲಿ ಎಲ್ಲಾ ಛಲೋ ಅದ ಅಂತಾರಲ್ರೀ, ರೊಕ್ಕಾನೂ ಭಾಳ ಅಂತ. ಖರೇನಾ?’ ಅವಳು ಹೇಳಿದ್ದು, ಹೋಗಿಬಂದವರ ಬಾಯಿಂದ ಕೇಳಿದ್ದು, ಅಲ್ಲಿನ ಸರಕಾರ ಪ್ರಕಟಿಸಿರುವ ನಿಯಮಗಳಲ್ಲಿ ಓದಿಸಿಕೊಂಡದ್ದು, ಎಲ್ಲವನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ. ಹೋಗುವವರಿಗಿಂತ ಹೆಚ್ಚಾಗಿ ಕಳಿಸುವವರು ಇದನ್ನು ತಿಳಿದಿರಬೇಕು. ಹೊಲ ಅಡವಿಡುವವರೂ ಬಳೆ ಬಿಚ್ಚಿಕೊಡುವವರೂ ನಾವೇ ಅಲ್ಲವೇ?

ಊರೇ ಒಂದು ದೇಶ

ಸಿಂಗಪುರವೆಂದರೆ ಒಂದು ಊರು. ಆ ಊರೇ ಒಂದು ದೇಶ. 1965ರ ಆಗಸ್ಟ್ 9ರಂದು ಮಲೇಶಿಯಾದಿಂದ ಬೇರೆಯಾಯಿತು. ಅದರ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರು. ನಮ್ಮ ರಾಯಚೂರು ಜಿಲ್ಲೆಯ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅಷ್ಟರಲ್ಲೇ 2024ರಲ್ಲಿ ಸುಮಾರು 60 ಲಕ್ಷ ಜನರಿದ್ದರು. ಅವರಲ್ಲಿ 18 ಲಕ್ಷಕ್ಕೂ ಮಿಕ್ಕಿ ಹೊರದೇಶದವರು. ಎಂದರೆ ದಾರಿಯಲ್ಲಿ ಹತ್ತು ಜನ ಎದುರಾದರೆ ಮೂವರು ನಮ್ಮ ಹುಡುಗರಂತೆ ಹೊರಗಿನಿಂದ ಬಂದವರೇ.

ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದು. ನೀವು ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಫೋನು ಮಾಡಿದರೆ ಅಲ್ಲಿ ಹನ್ನೊಂದೂವರೆ. ‘ಮಗ ಸರಿಯಾಗಿ ಮಾತಾಡಲಿಲ್ಲ’ ಎಂದು ನೊಂದುಕೊಳ್ಳುವ ಮೊದಲು ಗಡಿಯಾರ ನೋಡಿ.

ಎರಡು ನದಿಗಳ ನಡುವೆ ಇದ್ದೂ ನೀರಿಗೆ ಪರದಾಡುವ ನಮಗೆ ಅಲ್ಲಿನ ನೀರಿನ ಕಥೆ ಕೇಳಬೇಕು. 2022ರಲ್ಲಿ ರಾಯಚೂರಿನಲ್ಲಿ ಕೆಟ್ಟ ನಲ್ಲಿನೀರು ಕುಡಿದು ಜನ ಸತ್ತದ್ದನ್ನು ನಾವು ಮರೆತಿಲ್ಲ. ಸಿಂಗಪುರಕ್ಕೆ ಕೃಷ್ಣೆ-ತುಂಗಭದ್ರೆಯಂಥ ನದಿಯೇ ಇಲ್ಲ. 1962ರ ಒಪ್ಪಂದದಂತೆ ಮಲೇಶಿಯಾದಿಂದ ನೀರು ಕೊಳ್ಳುತ್ತಾರೆ, ಮಳೆನೀರು ಹಿಡಿಯುತ್ತಾರೆ, ಸಮುದ್ರದ ನೀರಿನ ಉಪ್ಪು ತೆಗೆಯುತ್ತಾರೆ, 2003ರಿಂದ ಬಳಸಿದ ನೀರನ್ನೇ ಶುದ್ಧಿಮಾಡಿ ಮತ್ತೆ ಬಳಸುತ್ತಾರೆ. ನಲ್ಲಿಗೆ ಲೋಟ ಹಿಡಿದು ಹಾಗೇ ಕುಡಿಯಬಹುದು.

ಪಾಸೇ ಜಾತಕ

ಮುಖ್ಯ ಮಾತಿಗೆ ಬರೋಣ. ಅಲ್ಲಿ ಹೊರಗಿನವರ ಬದುಕನ್ನು ಗೊತ್ತುಮಾಡುವುದು ಅವರ ಕೈಯಲ್ಲಿರುವ ಕೆಲಸದ ಪಾಸು. ಹುಡುಗನ ಜಾತಕ ಕೇಳುವವರು ಮೊದಲು ಪಾಸು ಯಾವುದೆಂದು ಕೇಳಬೇಕು ಎಂದು ನಾನು ತಮಾಷೆಗೆ ಹೇಳುತ್ತಿಲ್ಲ.

ಹೆಚ್ಚು ಓದಿದವರಿಗೆ, ದೊಡ್ಡ ಸಂಬಳದವರಿಗೆ ‘ಎಂಪ್ಲಾಯ್‌ಮೆಂಟ್ ಪಾಸ್’. 2025ರ ಜನವರಿಯಿಂದ ಹೊಸದಾಗಿ ಇದು ಸಿಗಬೇಕಾದರೆ ತಿಂಗಳಿಗೆ ಕನಿಷ್ಠ 5,600 ಸಿಂಗಪುರ ಡಾಲರ್ ಸಂಬಳ ಇರಬೇಕೆಂದು ಮಾಡಿದರು. ವಯಸ್ಸು ಹೆಚ್ಚಾದಂತೆ ಈ ಮೊತ್ತವೂ ಏರುತ್ತದೆ. ಅದಕ್ಕಿಂತ ಕೆಳಗೆ ‘ಎಸ್ ಪಾಸ್’. ಕಟ್ಟಡ, ಹಡಗುಕಟ್ಟೆಯ ಕೆಲಸ, ಮನೆಗೆಲಸದವರಿಗೆ ‘ವರ್ಕ್ ಪರ್ಮಿಟ್’.

ವರ್ಕ್ ಪರ್ಮಿಟ್‌ನವರು ಹೆಂಡತಿ-ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ. ಎಂಪ್ಲಾಯ್‌ಮೆಂಟ್ ಪಾಸ್, ಎಸ್ ಪಾಸ್ ಇದ್ದವರಿಗೂ ತಿಂಗಳ ನಿಗದಿ ಸಂಬಳ ಕನಿಷ್ಠ 6,000 ಡಾಲರ್ ಇದ್ದರೆ ಮಾತ್ರ ಹೆಂಡತಿ-ಮಕ್ಕಳಿಗೆ ‘ಡಿಪೆಂಡೆಂಟ್ ಪಾಸ್’. ಆದ್ದರಿಂದ ‘ಹುಡುಗ ಸಿಂಗಪುರದಾಗ ಅದಾನ’ ಎಂದಷ್ಟಕ್ಕೇ ಮಗಳೂ ಅಲ್ಲಿಗೆ ಹೋಗುತ್ತಾಳೆಂದು ತಿಳಿಯಬೇಡಿ. ಮದುವೆಯಾಗಿ ವರ್ಷಗಟ್ಟಲೆ ಅತ್ತೆಮನೆಯಲ್ಲೇ ಉಳಿದ ಹುಡುಗಿಯರಿದ್ದಾರೆ.

ಪಾಸು ಕೊಡಿಸುವವರು ಕೆಲಸ ಕೊಟ್ಟ ಕಂಪನಿಯವರು. ಕೆಲಸ ಹೋದರೆ ಪಾಸೂ ಹೋಗುತ್ತದೆ. ಸಾಮಾನ್ಯವಾಗಿ ಮೂವತ್ತು ದಿನದೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಗಂಟು ಕಟ್ಟಬೇಕು. ಬೆಂಗಳೂರಿನ ಗುಳೆಯಲ್ಲಿ ಒಬ್ಬ ಮೇಸ್ತ್ರಿ ಬೇಡವೆಂದರೆ ಇನ್ನೊಬ್ಬನ ಬಳಿ ನಿಲ್ಲಬಹುದು. ಅಲ್ಲಿ ಹಾಗಾಗದು. ಮಕ್ಕಳ ಶಾಲೆ, ಬಾಡಿಗೆ ಮನೆ ಎಲ್ಲಾ ಆ ಒಂದು ಪಾಸಿಗೆ ಜೋತುಬಿದ್ದಿರುತ್ತವೆ. ‘ಸಂಬಳ ಭಾಳ’ ಎನ್ನುವವರು ಬಾಡಿಗೆ, ಆಸ್ಪತ್ರೆ, ಶಾಲೆಯ ಖರ್ಚೂ ಭಾಳ ಎಂಬುದನ್ನು ಹೇಳುವುದಿಲ್ಲ. ಅಲ್ಲಿನ ನಾಗರಿಕರಿಗೂ ಖಾಯಂ ನಿವಾಸಿಗಳಿಗೂ ಇರುವ ಭವಿಷ್ಯ ನಿಧಿ ಪಾಸಿನ ಮೇಲೆ ಇರುವವರಿಗಿಲ್ಲ. ಉಳಿತಾಯ ತಮ್ಮ ಕೈಯಿಂದಲೇ ಆಗಬೇಕು.

ಮಗಳು ಹೋಗುವಾಗ

ನಮ್ಮ ಹುಡುಗಿಯರು ಈಗ ಓದಿದವರು. ‘ಅಲ್ಲಿ ಹೋಗಿ ನಾನೂ ಕೆಲಸ ಮಾಡ್ತೀನಿ’ ಎಂದುಕೊಂಡೇ ಹೋಗುತ್ತಾರೆ. ಆದರೆ 2021ರ ಮೇ 1ರಿಂದ ನಿಯಮ ಬದಲಾಗಿದೆ. ಡಿಪೆಂಡೆಂಟ್ ಪಾಸ್‌ನಲ್ಲಿ ಹೋದವಳು ಎಲ್ಲಾದರೂ ಕೆಲಸಕ್ಕೆ ಸೇರಬೇಕಾದರೆ ತನ್ನದೇ ಕೆಲಸದ ಪಾಸು ಪಡೆಯಬೇಕು. ಮೊದಲಿನಂತೆ ಬರಿಯ ಒಪ್ಪಿಗೆ ಪತ್ರ ಸಾಲದು. ನನ್ನ ತಂಗಿಯ ಮಗಳು ಇಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಅಲ್ಲಿ ಹದಿನಾಲ್ಕನೆಯ ಮಹಡಿಯ ಮನೆಯಲ್ಲಿ ಎರಡು ವರ್ಷ ಸುಮ್ಮನೆ ಕುಳಿತಳು. ‘ದೊಡ್ಡಮ್ಮಾ, ಇಲ್ಲಿ ಕಸ ಗುಡಿಸಿದರೂ ಧೂಳೇ ಬರಂಗಿಲ್ಲ, ಹೊತ್ತೇ ಹೋಗಂಗಿಲ್ಲ’ ಎಂದು ಫೋನಿನಲ್ಲಿ ಅತ್ತದ್ದೂ ಉಂಟು. ಗಂಡನಾಗಲಿ ಅತ್ತೆಮನೆಯವರಾಗಲಿ ಅವಳಿಗೆ ಕೆಡುಕು ಮಾಡಿದವರಲ್ಲ. ಆದರೆ ಮದುವೆ ಮಾತುಕತೆಯಲ್ಲಿ ಈ ಒಂದು ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ನಿಮ್ಮ ಮನೆಯಲ್ಲಿ ಬರಲಿ.

ಬಾಣಂತನದ ಮಾತೂ ಹಾಗೆಯೇ. ತವರಿನವರು ವೀಸಾ ಮಾಡಿಸಿ ಹೋದರೆ ಸಾಮಾನ್ಯವಾಗಿ ಒಂದು ಸಲಕ್ಕೆ ಮೂವತ್ತು ದಿನದವರೆಗೆ ಇರಗೊಡುತ್ತಾರೆ; ಹೆಚ್ಚು ದಿನಕ್ಕೆ ಮತ್ತೆ ಅರ್ಜಿ ಹಾಕಬೇಕು. ಕೆಲಸದ ಪಾಸಿನವನು ತನ್ನ ಅಪ್ಪ-ಅಮ್ಮನನ್ನು ದೀರ್ಘಕಾಲ ಇರಿಸಿಕೊಳ್ಳಲು ಅವನ ಸಂಬಳ ತಿಂಗಳಿಗೆ 12,000 ಡಾಲರ್ ಮುಟ್ಟಬೇಕು. ಆದ್ದರಿಂದ ಹೆರಿಗೆ ಅಲ್ಲೋ ಇಲ್ಲೋ ಎಂಬುದನ್ನು ನಾಲ್ಕನೆಯ ತಿಂಗಳಲ್ಲೇ ಕುಳಿತು ಯೋಚಿಸಿ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಕೂಸು ಅಲ್ಲಿನ ಪ್ರಜೆಯಾಗುವುದಿಲ್ಲ. ವರ್ಷದೊಳಗೆ ಭಾರತದ ಹೈಕಮಿಷನ್ನಿನಲ್ಲಿ ನೋಂದಾಯಿಸಬೇಕು. ಗಂಡುಮಗುವಿನ ಹೆಸರಿನಲ್ಲಿ ಖಾಯಂ ನಿವಾಸಿ ಪಟ್ಟ ಪಡೆದರೆ, ಅವನು ದೊಡ್ಡವನಾದಾಗ ಎರಡು ವರ್ಷ ಕಡ್ಡಾಯ ಸೈನಿಕ ಸೇವೆ ಮಾಡಬೇಕಾಗುತ್ತದೆ ಎಂಬುದೂ ತಾಯಂದಿರಿಗೆ ಗೊತ್ತಿರಲಿ.

ಕೂಲಿಗೆ ಹೋಗುವವರು

ನನಗೆ ಹೆಚ್ಚು ಚಿಂತೆ ಇವರದೇ. ಒಬ್ಬ ಏಜೆಂಟ್ ಬರುತ್ತಾನೆ, ‘ಎರಡು ಲಕ್ಷ ಕೊಡ್ರಿ, ಆರು ತಿಂಗಳದಾಗ ತೀರ್ತದ’ ಎನ್ನುತ್ತಾನೆ. ಮನೆಯವರು ಬಡ್ಡಿಗೆ ತಂದು ಕೊಡುತ್ತಾರೆ. ಹುಡುಗನ ಮೊದಲ ವರ್ಷದ ದುಡಿಮೆಯೆಲ್ಲಾ ಆ ಬಡ್ಡಿಗೇ.

ಇಷ್ಟು ತಿಳಿದಿರಲಿ. ನಮ್ಮ ದೇಶದಲ್ಲಿ 1983ರ ವಲಸೆ ಕಾಯಿದೆಯ ಪ್ರಕಾರ ಏಜೆಂಟನಿಗೆ ಸರಕಾರದ ಪರವಾನಗಿ ಬೇಕು. ಅವನು ತನ್ನ ಸೇವೆಗೆ ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಪರವಾನಗಿ ಇದೆಯೋ ಇಲ್ಲವೋ ಎಂಬುದನ್ನು ಸರಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ನೋಡಬಹುದು. ಸಿಂಗಪುರದ ಏಜೆನ್ಸಿ ಎಷ್ಟೇ ವರ್ಷದ ಕೆಲಸವಾದರೂ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಹೊರಡುವ ಮುಂಚೆ ಹುಡುಗನ ಕೈಗೆ ಅಲ್ಲಿನ ಸರಕಾರದ ಒಪ್ಪಿಗೆ ಪತ್ರ ಬರಲೇಬೇಕು. ಮೂಲ ಸಂಬಳ ಎಷ್ಟು, ಏನೇನು ಕಡಿತ ಎಂಬುದೆಲ್ಲಾ ಅದರಲ್ಲಿ ಬರೆದಿರುತ್ತದೆ. ಅದರ ನಕಲು ಒಂದನ್ನು ಮನೆಯ ಟ್ರಂಕಿನಲ್ಲಿಡಿ. ಆ ಪತ್ರವಿಲ್ಲದೆ, ‘ಪ್ರವಾಸಿ ವೀಸಾದ ಮ್ಯಾಲೆ ಹೋಗಿ ಬಿಡು, ಅಲ್ಲಿ ಮಾಡಿಸ್ತೀವಿ’ ಎಂದರೆ ಬಾಗಿಲು ತೋರಿಸಿ. ಕೆಲಸಗಾರನ ಹೆಸರಿನಲ್ಲಿ ಕಟ್ಟುವ 5,000 ಡಾಲರ್ ಠೇವಣಿ, ತಿಂಗಳ ಸುಂಕ, ವೈದ್ಯಕೀಯ ವಿಮೆ ಎಲ್ಲವೂ ಮಾಲೀಕನ ಪಾಲಿನವು. ಹುಡುಗನ ಸಂಬಳದಿಂದ ಮುರಿಯುವಂತಿಲ್ಲ. ಪಾಸ್‌ಪೋರ್ಟ್ ಹುಡುಗನದು, ಅದನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ.

ಇಷ್ಟು ನಿಯಮಗಳಿದ್ದೂ ಕಷ್ಟ ತಪ್ಪದು. 2020ರ ಏಪ್ರಿಲ್‌ನಲ್ಲಿ ಕೊರೋನಾ ಹಬ್ಬಿದಾಗ ಅಲ್ಲಿ ಹೆಚ್ಚು ನರಳಿದವರು ವಸತಿಗೃಹಗಳಲ್ಲಿ ಒಂದೊಂದು ಕೋಣೆಯಲ್ಲಿ ಹತ್ತಾರು ಜನ ಮಲಗುತ್ತಿದ್ದ ಹೊರದೇಶದ ಕೂಲಿಗಳೇ. ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಸಂಬಳ ಕೊಡದಿದ್ದರೆ, ಪೆಟ್ಟಾದರೆ ಅಲ್ಲಿನ ಮಾನವಶಕ್ತಿ ಸಚಿವಾಲಯಕ್ಕೆ ದೂರು ಕೊಡಬಹುದು. ‘ಮೈಗ್ರೆಂಟ್ ವರ್ಕರ್ಸ್ ಸೆಂಟರ್’ ಎಂಬ ಸಹಾಯ ಕೇಂದ್ರವೂ ಇದೆ. ಹೆದರಿ ಬಾಯಿ ಮುಚ್ಚಿಕೊಳ್ಳಬಾರದೆಂದು ಹುಡುಗನಿಗೆ ಮೊದಲೇ ಹೇಳಿ ಕಳಿಸಿ.

ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಇಪ್ಪತ್ತಮೂರು ವರ್ಷ ತುಂಬಿರಬೇಕು, ಎಂಟು ವರ್ಷವಾದರೂ ಶಾಲೆ ಕಲಿತಿರಬೇಕು. ವಾರಕ್ಕೊಂದು ರಜೆ ಎಂಬ ನಿಯಮ 2013ರಲ್ಲಿ ಬಂತು. ಆದರೆ ರಜೆಯ ಬದಲು ದುಡ್ಡು ಕೊಟ್ಟು ದುಡಿಸುವುದು ನಡೆದೇ ಇತ್ತು. 2023ರ ಜನವರಿಯಿಂದ ತಿಂಗಳಿಗೆ ಒಂದು ರಜೆಯನ್ನಾದರೂ ದುಡ್ಡಿಗೆ ಬದಲಾಯಿಸುವಂತಿಲ್ಲ ಎಂದು ಮಾಡಿದ್ದಾರೆ. ತಿಂಗಳಿಗೊಂದು ದಿನ ತನ್ನದೆಂದು ಹೇಳಿಕೊಳ್ಳಲೂ ಕಾನೂನೇ ಬರಬೇಕಾಯಿತು ನೋಡಿ!

ಪೆಟ್ಟಿಗೆ ತುಂಬುವಾಗ

ಇದು ನಮ್ಮ ಇಲಾಖೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಟಕ ರೊಟ್ಟಿ ಧಾರಾಳವಾಗಿ ಕಟ್ಟಿಕೊಡಿ. ಆದರೆ ಅಲ್ಲಿನ ಗಾಳಿ ನಮ್ಮ ರಾಯಚೂರಿನ ಒಣ ಗಾಳಿಯಲ್ಲ. ವರ್ಷವಿಡೀ ಮೂವತ್ತು ಡಿಗ್ರಿಯ ಆಸುಪಾಸಿನ ಸೆಕೆ, ಜೊತೆಗೆ ಮಳೆ. ತೆರೆದಿಟ್ಟ ಕಟಕ ರೊಟ್ಟಿ ಬೇಗನೆ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೇರೆ ಬೇರೆ ಕಟ್ಟಿ. ಸಂಡಿಗೆ-ಹಪ್ಪಳ ಇಲ್ಲೇ ಒಣಗಿಸಿ ಕೊಡಿ.

ಗಸಗಸೆ ಮಾತ್ರ ಕೊಡಬೇಡಿ. ಪಾಯಸಕ್ಕೆಂದು ನಾವು ಹಾಕುವ ಗಸಗಸೆ ಅಲ್ಲಿ ಮಾದಕವಸ್ತು ಇಲಾಖೆಯ ನಿಷೇಧಕ್ಕೆ ಸೇರಿದ್ದು. ಗುಟಖಾ, ಜಗಿಯುವ ತಂಬಾಕು, ಇ-ಸಿಗರೇಟು ಯಾವುದೂ ಕೂಡದು. 1992ರಿಂದ ಚ್ಯೂಯಿಂಗ್ ಗಮ್ ತರುವುದಕ್ಕೂ ನಿಷೇಧ. ಇನ್ನು ‘ನಮ್ಮ ತಮ್ಮನಿಗೆ ಇದೊಂದು ಗಂಟು ಮುಟ್ಟಿಸಿ ಬಿಡ್ರಿ’ ಎಂದು ಗುರುತಿಲ್ಲದವರು ಕೊಟ್ಟದ್ದನ್ನು ಯಾವ ಕಾರಣಕ್ಕೂ ಒಯ್ಯಬಾರದು. ಅಲ್ಲಿ 15 ಗ್ರಾಂಗಿಂತ ಹೆಚ್ಚು ಹೆರಾಯಿನ್, 500 ಗ್ರಾಂಗಿಂತ ಹೆಚ್ಚು ಗಾಂಜಾ ಸಾಗಿಸಿದರೆ ಮರಣದಂಡನೆಯವರೆಗೂ ಶಿಕ್ಷೆಯುಂಟು. ‘ನನಗೆ ಗೊತ್ತಿರಲಿಲ್ಲ’ ಎಂದು ಸಾಬೀತು ಮಾಡುವುದು ಸುಲಭವಲ್ಲ.

ಮಿಕ್ಸಿ ಒಯ್ಯುವವರಿಗೆ ಒಂದು ಮಾತು: ಕರೆಂಟಿನ ಶಕ್ತಿ ನಮ್ಮಷ್ಟೇ, 230 ವೋಲ್ಟು. ಆದರೆ ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿಗಳು. ಅದಕ್ಕೆ ತಕ್ಕ ಅಡಾಪ್ಟರ್ ಬೇಕು.

ಅಕ್ಕಿ ಹೊತ್ತುಕೊಂಡು ಹೋಗಬೇಕಿಲ್ಲ. ನಮ್ಮ ಮಾನ್ವಿ, ಸಿಂಧನೂರು ಸೀಮೆಯಲ್ಲಿ ಬೆಳೆಯುವ ಸೋನಾ ಮಸೂರಿಯಂಥ ಅಕ್ಕಿ ಅಲ್ಲಿನ ಸೆರಂಗೂನ್ ರಸ್ತೆಯ ‘ಲಿಟಲ್ ಇಂಡಿಯಾ’ ಅಂಗಡಿಗಳಲ್ಲಿ ಸಿಗುತ್ತದೆ. 2023ರ ಜುಲೈಯಲ್ಲಿ ಭಾರತ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಸಿಂಗಪುರ ಕೇಳಿಕೊಂಡಿತು; ಆಗಸ್ಟ್‌ನಲ್ಲೇ ಆ ದೇಶಕ್ಕೆ ವಿನಾಯಿತಿ ಕೊಟ್ಟರು. ಅದೇ ರಸ್ತೆಯಲ್ಲಿ 2013ರಿಂದ ನಮ್ಮ ಎಂ.ಟಿ.ಆರ್. ಹೋಟೆಲೂ ಇದೆ. ಜೋಳದ ಹಿಟ್ಟು ಸಿಕ್ಕರೂ ರೊಟ್ಟಿ ಬಡಿಯುವ ಸದ್ದು ಕೆಳಗಿನ ಮನೆಯವರಿಗೆ ಕೇಳಿಸೀತೆಂದು ನಮ್ಮ ಹುಡುಗಿ ಬಟ್ಟೆ ಮಡಿಸಿ ಕೆಳಗಿಟ್ಟುಕೊಂಡು ಬಡಿಯುತ್ತಾಳೆ!

ಕನ್ನಡದ ಗತಿ

ಅಲ್ಲಿನ ಅಧಿಕೃತ ಭಾಷೆಗಳು ನಾಲ್ಕು: ಮಲಯ, ಚೀನಿ, ತಮಿಳು, ಇಂಗ್ಲಿಷು. ಶಾಲೆಯಲ್ಲಿ ಭಾರತೀಯ ಮಕ್ಕಳು ತಾಯ್ನುಡಿಯಾಗಿ ತಮಿಳನ್ನಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕಲಿಯಬಹುದು. ಕನ್ನಡ ಆ ಪಟ್ಟಿಯಲ್ಲಿಲ್ಲ. ಅಲ್ಲಿ 1996ರಿಂದ ಕನ್ನಡ ಸಂಘವೊಂದಿದೆ. ರಾಜ್ಯೋತ್ಸವದಂಥ ದಿನಗಳಲ್ಲಿ ನಮ್ಮವರು ಕಲೆಯುತ್ತಾರೆ. ಹೊಸದಾಗಿ ಹೋದ ಹುಡುಗಿಯರು ಮೊದಲ ತಿಂಗಳಲ್ಲೇ ಅಲ್ಲಿಗೆ ಹೋಗಲಿ. ಒಂಟಿತನಕ್ಕೆ ಅದಕ್ಕಿಂತ ಮದ್ದಿಲ್ಲ. ಆದರೆ ಮೊಮ್ಮಗುವಿನ ನಾಲಗೆಯಲ್ಲಿ ಕನ್ನಡ ಉಳಿಯಬೇಕಾದರೆ ಅಜ್ಜಿಯರ ಪಾಲೂ ಇದೆ. ದಿನಕ್ಕೆ ಹತ್ತು ನಿಮಿಷ ಫೋನಿನಲ್ಲಿ ಕಥೆ ಹೇಳಿ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ನಮ್ಮ ಮಾನ್ವಿಯ ಸೀಮೆ, ಗೋಪಾಲದಾಸರ ಮೊಸರಕಲ್ಲು ನಮ್ಮ ದೇವದುರ್ಗದ ಸೀಮೆ. ಹೇಳಲು ನಮ್ಮಲ್ಲಿ ಕಥೆಗಳಿಗೆ ಬರವೇ?

ಹೊರಡುವ ಮುಂಚೆ ಕೇಳಿ

ಪಾಸು ಯಾವುದು? ಮೂಲ ಸಂಬಳ ಎಷ್ಟು, ಕಾಗದದಲ್ಲಿ ಬರೆದಿದೆಯೇ? ಸಂಸಾರ ಕರೆಸಿಕೊಳ್ಳಬಹುದೇ? ಹೆಂಡತಿ ಕೆಲಸ ಮಾಡಬಹುದೇ? ಏಜೆಂಟನ ಪರವಾನಗಿ ಎಲ್ಲಿ? ಸಾಲ ತಂದರೆ ಎಷ್ಟು ತಿಂಗಳಲ್ಲಿ ತೀರುತ್ತದೆ? ಈ ಆರು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಉತ್ತರಗಳನ್ನು ಎದುರಿಗೇ ಬರೆಸಿಕೊಳ್ಳಿ. 2023ರ ಫೆಬ್ರುವರಿಯಿಂದ ಅಲ್ಲಿನ ಕೆಲವು ಬ್ಯಾಂಕುಗಳಿಂದ ನಮ್ಮ ಯು.ಪಿ.ಐ.ಗೆ ನೇರವಾಗಿ ಹಣ ಕಳಿಸುವ ಸೌಕರ್ಯವಿದೆ. ನಿಮ್ಮ ಹೆಸರಿನಲ್ಲಿ ಖಾತೆಯಿಲ್ಲದಿದ್ದರೆ ಅದನ್ನೂ ತೆರೆಯಿರಿ.

‘ಗಂಡಸರು ಮಾತಾಡೋ ಜಾಗದಾಗ ನಾವ್ಯಾಕ ಕೇಳಬೇಕು’ ಎಂದು ಅಡುಗೆಮನೆಯಲ್ಲೇ ನಿಲ್ಲಬೇಡಿ, ಸೋದರಿಯರೇ. ಚಹಾ ಕೊಡುವ ನೆಪದಲ್ಲಿ ಹೋಗಿ ಅಲ್ಲೇ ಕುಳಿತುಬಿಡಿ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟವರೊಡನೆ ಮುಂದಿನ ಮಾತು ಬೆಳೆಸಿ.