ಹಳೇ ಕೋರ್ಟಿಗೆ ರೊಕ್ಕ ಕೊಡೋರು ಯಾರು?

ಜಿಡಗಾ: ಇಲ್ಲಿಂದ ಆಳಂದಕ್ಕೆ ಬೆಳಗಿನ ಬಸ್ಸು ಹತ್ತುವವರಿಗೆ ಈ ನೋಟ ಹೊಸದಲ್ಲ. ಕಿಟಕಿ ಬದಿಯ ಸೀಟಿನಲ್ಲಿ ಧೋತರ ಉಟ್ಟ ಹಿರಿಯರೊಬ್ಬರು, ಬಗಲಲ್ಲಿ ಅರಿವೆಯ ಗಂಟು, ಗಂಟಿನ ತುಂಬ ಕಾಗದ. “ಎಲ್ಲಿಗೆ ಹೊಂಟೀರಿ ಮುತ್ಯಾ?” ಎಂದು ಕೇಳಿದರೆ “ಇವತ್ತ ತಾರೀಖ ಅದ ನೋಡಪಾ” ಎಂಬ ಉತ್ತರ ಬರುತ್ತದೆ. ಹೊಲದ ಬದುವಿನ ವ್ಯಾಜ್ಯ. ಅಪ್ಪನ ಕಾಲದಾಗ ಹೂಡಿದ್ದು, ಮೊಮ್ಮಗನ ಕಾಲಕ್ಕೂ ಮುಗಿಯುವ ಲಕ್ಷಣವಿಲ್ಲ.

ವ್ಯಾಜ್ಯದ ಕಥೆ ವಕೀಲರಿಗೇ ಇರಲಿ. ಇವತ್ತಿನ ಪ್ರಶ್ನೆ ಬೇರೆ. ಆ ವ್ಯಾಜ್ಯ ನಡೆದ ಕಟ್ಟಡಗಳ ಗತಿ ಏನು? ಹಳೆಯ ಕೋರ್ಟು ಸೋರಿದರೆ ಹೆಂಚು ಹೊದಿಸುವವರು ಯಾರು? ಆ ಖರ್ಚು ಯಾರ ಲೆಕ್ಕಕ್ಕೆ?

ನಮ್ಮ ಭಾಗದ ಮಂದಿ ನ್ಯಾಯ ಕೇಳಲು ದಿಕ್ಕಿಗೊಂದು ಊರು ಅಲೆದವರು. ಗುಲ್ಬರ್ಗಾ ಜಿಲ್ಲೆ ನಿಜಾಮನ ರಾಜ್ಯದಲ್ಲಿದ್ದಾಗ ದೊಡ್ಡ ವ್ಯಾಜ್ಯಗಳ ಅಪೀಲು ರೈಲು ಹತ್ತಿ ವಾಡಿ ದಾಟಿ ಹೈದರಾಬಾದಿಗೆ ಹೋಗುತ್ತಿತ್ತು. ಮೂಸಿ ನದಿಯ ದಂಡೆಯ ಮೇಲಿನ ಆ ಗುಮ್ಮಟಗಳ ಹೈಕೋರ್ಟು ಉದ್ಘಾಟನೆಯಾದದ್ದು 1920ರಲ್ಲಿ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಲ್ಲಿಂದ ಮುಂದೆ ಅಪೀಲು ಹೊಂಟಿತು ಬೆಂಗಳೂರಿಗೆ. ಹತ್ತಿರ ಹತ್ತಿರ 600 ಕಿಲೋಮೀಟರು. ಒಂದು ತಾರೀಖಿಗೆ ಹೋಗಿ ಬರುವಷ್ಟರಲ್ಲಿ ಎತ್ತು ಮಾರಿದ ರೊಕ್ಕ ಖಾಲಿ. ಬಹಳ ವರ್ಷ ಹೋರಾಡಿದ ಮೇಲೆ 2008ರ ಜುಲೈನಲ್ಲಿ ಸಂಚಾರಿ ಪೀಠ ಕಲಬುರಗಿಗೆ ಬಂತು. 2013ರಲ್ಲಿ ಅದೇ ಕಾಯಂ ಪೀಠವಾಯಿತು. ಇಷ್ಟು ನಮ್ಮ ಅಲೆದಾಟದ ಚರಿತ್ರೆ.

ಈಗ ಆ ಕಟ್ಟಡಗಳ ಚರಿತ್ರೆ ಕೇಳಿರಿ.

ಬೆಂಗಳೂರಿನ ಕೆಂಪು ಅಠಾರಾ ಕಚೇರಿ ಕಟ್ಟಿ ಮುಗಿದದ್ದು 1868ರಲ್ಲಿ. ಸರಕಾರದ ಹದಿನೆಂಟು ಇಲಾಖೆಗಳು ಅಲ್ಲಿ ಕೂಡುತ್ತಿದ್ದವು. ಅದಕ್ಕೇ ಆ ಹೆಸರು. ಇಲಾಖೆಗಳು ವಿಧಾನಸೌಧಕ್ಕೆ ಹೋದವು, ಹೈಕೋರ್ಟು ಉಳಿಯಿತು. 1980ರ ದಶಕದ ಆರಂಭದಲ್ಲಿ ಇದನ್ನು ಕೆಡವಿ ಹೊಸದು ಕಟ್ಟುವ ವಿಚಾರ ಬಂತು. ನಾಗರಿಕರು ಕೋರ್ಟಿಗೆ ಹೋದರು. ಯಾವ ಕೋರ್ಟಿಗೆ? ಅದೇ ಹೈಕೋರ್ಟಿಗೆ! ತನ್ನ ಗೋಡೆ ಉಳಿಯಬೇಕೋ ಬೀಳಬೇಕೋ ಎಂಬ ವ್ಯಾಜ್ಯವನ್ನು ಕೋರ್ಟು ತಾನೇ ಕೇಳಬೇಕಾಯಿತು. ಕಡೆಗೆ ಕಟ್ಟಡ ಉಳಿಯಿತು. ಜಾಗ ಸಾಲದ್ದಕ್ಕೆ ಅದರ ಹಿಂದೆ ಅದೇ ಬಣ್ಣದ ಹೊಸ ಕಟ್ಟಡ ಎದ್ದಿತು. ರಾಜಧಾನಿಯ ನಡುಮಧ್ಯದಲ್ಲಿತ್ತು, ದನಿ ಎತ್ತುವವರಿದ್ದರು, ಉಳಿಯಿತು.

ಹೈದರಾಬಾದಿನ ಕಟ್ಟಡಕ್ಕೆ 2009ರಲ್ಲಿ ಬೆಂಕಿ ಬಿದ್ದು ಬಹಳ ಹಾನಿಯಾಯಿತು. ದುರಸ್ತಿಯೂ ಆಯಿತು. ಆದರೆ 2024ರ ಮಾರ್ಚಿನಲ್ಲಿ ರಾಜೇಂದ್ರನಗರದ ಕಡೆ 100 ಎಕರೆಯಲ್ಲಿ ಹೊಸ ಹೈಕೋರ್ಟಿಗೆ ಅಡಿಗಲ್ಲು ಬಿದ್ದಿದೆ. ಕೋರ್ಟು ಎದ್ದು ಹೋದ ಕಟ್ಟಡವನ್ನು ಸಾಕುವುದು, ಕೋರ್ಟು ಕೂತ ಕಟ್ಟಡವನ್ನು ಸಾಕಿದಷ್ಟು ಸುಲಭವಲ್ಲ.

ಅಫಜಲಪುರದಿಂದ ಭೀಮಾ ದಾಟಿದರೆ ವಿಜಯಪುರ ಜಿಲ್ಲೆ. ಅಲ್ಲಿಯ ಆಸಾರ್ ಮಹಲು ನೋಡಿದವರು ಬಹಳ ಮಂದಿ ಇದ್ದೀರಿ. 1646ರ ಸುಮಾರಿಗೆ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಆ ಮಹಲಿಗೆ ಮೊದಲಿದ್ದ ಹೆಸರು ದಾದ್ ಮಹಲು, ಅಂದರೆ ನ್ಯಾಯದ ಮಹಲು. ನಮ್ಮ ಸೀಮೆಯ ಹಳೇ ಕೋರ್ಟು ಎಂದರೆ ಇದೇ. ಆಮೇಲೆ ಪ್ರವಾದಿಯವರ ಪವಿತ್ರ ಕೇಶವನ್ನು ಅಲ್ಲಿಟ್ಟಿದ್ದರಿಂದ ಮಂದಿ ಭಕ್ತಿಯಿಂದ ಕಾಯ್ದರು. ಈಗ ಕೇಂದ್ರದ ಪುರಾತತ್ವ ಇಲಾಖೆ ಕಾಯುತ್ತಿದೆ. ಅದೇ ಊರಿನ ಉಳಿದ ಕಟ್ಟಡಗಳ ಪಾಡು ಹೀಗಿರಲಿಲ್ಲ. ಇಂಗ್ಲಿಷರು ಬಂದು ಆದಿಲ್‌ಶಾಹಿ ಮಹಲುಗಳಲ್ಲೇ ಕಚೇರಿ ಹೂಡಿದರು, ಮಸೀದಿಯೊಂದರಲ್ಲಿ ಅಂಚೆ ಕಚೇರಿ, ಇನ್ನೊಂದರಲ್ಲಿ ಪ್ರವಾಸಿ ಬಂಗಲೆ. ಅವನ್ನು ಖಾಲಿ ಮಾಡಿಸಿದವನು ಲಾರ್ಡ್ ಕರ್ಜನ್. 1904ರ ಸ್ಮಾರಕ ರಕ್ಷಣೆ ಕಾಯದೆ ತಂದವನೂ ಅವನೇ.

ಈ ಮೂರು ಕಟ್ಟಡಗಳಿಗೆ ಹೆಸರಿದೆ, ಹೆಸರಿದ್ದುದಕ್ಕೆ ಕೇಳುವವರಿದ್ದಾರೆ. ತಾಲೂಕಿನ ಹಳೇ ಮುನಸೀಫ್ ಕೋರ್ಟು, ಹಳೇ ತಹಶೀಲು ಕಚೇರಿ, ಇವಕ್ಕೆ ಯಾರಿದ್ದಾರೆ?

ಒಮ್ಮೆ ರೊಕ್ಕ ಬಂದಿತ್ತು ಎಂದರೆ ಓದುಗರು ನಂಬಲಿಕ್ಕಿಲ್ಲ. ವಿಜಯ ಕೇಳ್ಕರ್ ಅಧ್ಯಕ್ಷತೆಯ 13ನೇ ಹಣಕಾಸು ಆಯೋಗ 2010ರಿಂದ 2015ರ ಅವಧಿಗೆ ನ್ಯಾಯಾಂಗದ ಸುಧಾರಣೆಗೆಂದು ರಾಜ್ಯಗಳಿಗೆಲ್ಲ ಸೇರಿ 5000 ಕೋಟಿ ರೂಪಾಯಿ ಅನುದಾನ ಹೇಳಿತು. ಅದರೊಳಗೆ 450 ಕೋಟಿ ಬರೇ ಪಾರಂಪರಿಕ ಕೋರ್ಟು ಕಟ್ಟಡಗಳ ರಕ್ಷಣೆಗೆ. ಇಡೀ ದೇಶಕ್ಕೆ ವರ್ಷಕ್ಕೆ 90 ಕೋಟಿ. ದೊಡ್ಡ ಮೊತ್ತವೇನಲ್ಲ ಖರೆ, ಆದರೆ ಹಳೇ ಕೋರ್ಟಿಗೆಂದೇ ತೆಗೆದಿಟ್ಟ ರೊಕ್ಕ.

ಏನಾಯಿತು? ರೊಕ್ಕಕ್ಕೆ ಷರತ್ತುಗಳಿದ್ದವು. ರಾಜ್ಯ ತನ್ನ ದಾವಾ ನೀತಿ ರೂಪಿಸಬೇಕು, ಖರ್ಚಿನ ಪ್ರಮಾಣಪತ್ರ ಕಳಿಸಬೇಕು, ಆಮೇಲೆ ಮುಂದಿನ ಕಂತು. ಅನುದಾನದ ಅರ್ಧದಷ್ಟು ಹಣ ಬೆಳಗಿನ ಹಾಗೂ ಸಂಜೆಯ ಕೋರ್ಟುಗಳಿಗೆಂದು ಇತ್ತು, ಆ ಕೋರ್ಟುಗಳು ಬಹಳ ಕಡೆ ನಡೆಯಲೇ ಇಲ್ಲ. ಐದು ವರ್ಷ ಮುಗಿದಾಗ ಒಟ್ಟು 5000 ಕೋಟಿಯಲ್ಲಿ ಅರ್ಧವೂ ಬಿಡುಗಡೆ ಆಗಿರಲಿಲ್ಲ. 14ನೇ ಆಯೋಗ ಬಂದು, ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶೇಕಡಾ 32ರಿಂದ 42ಕ್ಕೆ ಏರಿಸಿದ್ದೇವೆ, ಕೋರ್ಟಿನ ಖರ್ಚು ಅದರಲ್ಲೇ ನೋಡಿಕೊಳ್ಳಿ ಎಂದಿತು. ಹಳೇ ಕೋರ್ಟಿನ ಹೆಸರಿನ ಡಬ್ಬಿ ಅಲ್ಲಿಗೆ ಮುಚ್ಚಿತು.

ಹೊಸ ಕಟ್ಟಡಕ್ಕೆ ಹಾಗಲ್ಲ. 1993-94ರಿಂದ ಕೇಂದ್ರದ ಯೋಜನೆಯೊಂದು ಇದೆ. 2021-22ರಿಂದ 2025-26ರ ಅವಧಿಗೆ 9000 ಕೋಟಿ ಇಟ್ಟರು. ಕೇಂದ್ರ 60, ರಾಜ್ಯ 40. ಕೋರ್ಟು ಹಾಲು, ನ್ಯಾಯಾಧೀಶರ ಮನೆ, ವಕೀಲರ ಹಾಲು, ಶೌಚಾಲಯ, ಕಂಪ್ಯೂಟರ್ ಕೋಣೆ. ಹಳೆಯದಕ್ಕೆ ಹೇಳಿದ್ದರ ಇಪ್ಪತ್ತು ಪಟ್ಟು.

ಹೊಸದು ಬ್ಯಾಡ ಎಂದು ಈ ಅಂಕಣ ಹೇಳುವುದಿಲ್ಲ. ಗಿಡದ ನೆಳಲಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕೇ ಬೇಕು. ಆದರೆ ಹೊಸದು ಏಳುವುದು ಸಾಮಾನ್ಯವಾಗಿ ಊರ ಹೊರಗೆ. ಆಗ ಬಸ್‌ಸ್ಟ್ಯಾಂಡಿನಿಂದ ಅಲ್ಲಿಗೆ ಆಟೋ ಬಾಡಿಗೆ ಬೇರೆ. ಹಳೇ ಕೋರ್ಟಿನ ಮುಂದಿನ ಚಹಾದಂಗಡಿ, ಖಾನಾವಳಿ, ಝೆರಾಕ್ಸು, ಅರ್ಜಿ ಬರೆಯುವವರ ಮೇಜು, ಎಲ್ಲಕ್ಕೂ ಗಿರಾಕಿ ಕಡಿಮೆ. “ಕೋರ್ಟ್ ಹೋದ್ರ ನಮ್ಮ ಗಲ್ಲಾನೂ ಹೋದಂಗ್ರಿ” ಎಂದು ಅಂಗಡಿಯವರು ಅನ್ನುವುದು ಸುಳ್ಳಲ್ಲ. ಕೀಲಿ ಬಿದ್ದ ಕಟ್ಟಡದಲ್ಲಿ ಮೊದಲು ಸೋರಿಕೆ, ಆಮೇಲೆ ಗೋಡೆಯಲ್ಲಿ ಅರಳಿ ಸಸಿ, ಕಡೆಗೆ “ಶಿಥಿಲವಾಗಿದೆ” ಎಂಬ ಫಲಕ.

ದುರಸ್ತಿ ಮಾಡಿದರೂ ಒಂದು ತೊಡಕುಂಟು. ಹಳೇ ಗೋಡೆ ಕಲ್ಲು ಮತ್ತು ಗಾರೆಯದು. ಅದರ ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಗೆ ಬಾರದೆ ಗೋಡೆ ಒಳಗೊಳಗೇ ಹಾಳಾಗುತ್ತದೆ. ಗಾರೆ ಅರೆಯಲು ಬಲ್ಲ ಗವಂಡಿ ಬೇಕು, ಅವನ ಕೂಲಿ ಹೆಚ್ಚು. ಸಾಮಾನ್ಯ ಟೆಂಡರಿನಲ್ಲಿ ಕಡಿಮೆ ದರ ಬರೆದವನಿಗೆ ಕೆಲಸ. ಅವನು ತರುವುದು ಸಿಮೆಂಟಿನ ಚೀಲ. ಶಹಾಬಾದಿನ ಫರ್ಸಿ ಹಾಸಿದ ನೆಲ ಕಿತ್ತು ಟೈಲ್ಸು ಹಾಕುವುದೂ ಹೀಗೆಯೇ. ಫರ್ಸಿ ನಮ್ಮ ಜಿಲ್ಲೆಯದೇ, ಆದರೂ!

ದಾರಿ ಇಲ್ಲವೆಂದಲ್ಲ. ಕರ್ನಾಟಕಕ್ಕೆ ತನ್ನದೇ 1961ರ ಸ್ಮಾರಕ ಕಾಯದೆ ಇದೆ. ಕಟ್ಟಡವನ್ನು ರಕ್ಷಿತವೆಂದು ಘೋಷಿಸುವ ಮುಂಚೆ ಸರಕಾರ ನೋಟಿಸು ಹೊರಡಿಸಿ ಆಕ್ಷೇಪಣೆ ಕೇಳುತ್ತದೆ. ಪಟ್ಟಿಗೆ ಸೇರಿದರೆ ಕಟ್ಟಡಕ್ಕೊಬ್ಬ ವಾರಸುದಾರ ಸಿಕ್ಕಂತೆ. ಇನ್ನು ರೊಕ್ಕ. 371(ಜೆ) ಕೊಟ್ಟ ಬಲದಿಂದ ನಿಂತ ಕಲ್ಯಾಣ ಕರ್ನಾಟಕ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ ಹೇಳಿದ್ದು 5000 ಕೋಟಿ. ದೇಶದ ನ್ಯಾಯಾಂಗಕ್ಕೆಲ್ಲ 13ನೇ ಆಯೋಗ ಐದು ವರ್ಷಕ್ಕೆ ಹೇಳಿದಷ್ಟೇ ಮೊತ್ತ. ಅದರಲ್ಲಿ ತಾಲೂಕಿಗೊಂದು ಹಳೇ ಕಚೇರಿಯ ಮಾಳಿಗೆ ಸರಿಮಾಡುವ ರೊಕ್ಕ ಹುಟ್ಟದೇನು? ಸರಿಮಾಡಿದ ಮೇಲೆ ಕೀಲಿ ಹಾಕಬಾರದು. ಲೋಕ ಅದಾಲತ್ತು, ಉಚಿತ ಕಾನೂನು ನೆರವಿನ ಕೋಣೆ, ಹಳೇ ದಫ್ತರಗಳ ಕೋಣೆ ಅಲ್ಲಿಯೇ ಇರಲಿ. ಮಂದಿ ಓಡಾಡಿದರೆ ಸೋರಿದ್ದು ಕಣ್ಣಿಗೆ ಬೀಳುತ್ತದೆ.

ದಫ್ತರದ ಮಾತು ಬಂತು. 1948ರ ಮುಂಚಿನ ಫೈಸಲುಗಳು ಉರ್ದುವಿನಲ್ಲಿವೆ. ಬಸ್ಸಿನ ಮುತ್ಯಾನ ಗಂಟಿನಲ್ಲೂ ಅಂಥದೊಂದು ಹಾಳೆ ಇರುವುದುಂಟು; ಅಜ್ಜನ ಹೊಲದ ಚಕ್ಕುಬಂದಿ ಅದರಲ್ಲಿ ಬರೆದಿರುತ್ತದೆ. ಆ ಹಾಳೆ ಹರಿದರೆ ಅಸಲು ಹುಡುಕಬೇಕಾದದ್ದು ಹಳೇ ದಫ್ತರದ ಕೋಣೆಯಲ್ಲಿ. ಈ ಮಳೆಗಾಲದೊಳಗೆ ಆ ಕೋಣೆಯ ಮಾಳಿಗೆಯನ್ನಾದರೂ ಯಾರಾದರೂ ಹತ್ತಿ ನೋಡಲಿ.